ಎರೆಹುಳ ಮಳೆಕುದುರೆಯ ಬಾರಾದದ್ದು

ಭೂಮಿ ಇನ್ನೂ ಹಸುಗೂಸಾಗಿದ್ದ ಕಾಲ. ಗುಡ್ಡಗಳಿಗೆ ಎಲ್ಲಿ ಕೂರಬೇಕು ಅನ್ನೋದೇ ಗೊತ್ತಿರಲಿಲ್ಲ. ಬೆಳಿಗ್ಗೆ ಊರ ಮುಂದಿದ್ದ ಗುಡ್ಡ ಸಂಜೆ ಹೊತ್ತಿಗೆ ಊರ ಹಿಂದೆ ಹೋಗಿ ಕೂತಿರುತ್ತಿತ್ತು. ಹೊಳೆಗಳು ಅವರಿವರನ್ನು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಗಾಳಿ, ಕಪ್ಪೆ, ಕುದುರೆ, ಹುಳ, ಮನುಷ್ಯರು, ಎಲ್ಲರದೂ ಒಂದೇ ಭಾಷೆ. ಯಾರು ಯಾರನ್ನು ಬೈದರೂ ಊರಿಗೆಲ್ಲ ತಿಳಿಯುತ್ತಿತ್ತು.

ಆಗ ಎಲ್ಲವೂ ದೊಡ್ಡದೇ. ಕಪ್ಪೆ ಒಂದೊಂದೂ ಎಮ್ಮೆಕರುವಿನಷ್ಟು. ಎರೆಹುಳ ಒಂದೊಂದೂ ಬಾವಿ ಹಗ್ಗದಷ್ಟು.

ಆ ಕಾಲದಲ್ಲಿ ತಿಪ್ಪಕ್ಕ ಅಂತ ಒಬ್ಬಳಿದ್ದಳು. ಬಾರು ಹೊಲಿಯೋದು ಅವಳ ಕಸುಬು. ತಂಗಡಿ ತೊಗಟೆ ನೀರಲ್ಲಿ ತೊಗಲು ನೆನೆಹಾಕಿ, ಹದ ಮಾಡಿ, ಉದ್ದಕ್ಕೆ ಸೀಳಿ, ದಬ್ಬಳ ಹಿಡಿದು ಹೊಲಿದಳೆಂದರೆ ಮುಗಿಯಿತು. ಆ ಬಾರನ್ನು ಆನೆ ಜಗ್ಗಿದರೂ ಅಷ್ಟೇ, ಆನೆಯ ಅಪ್ಪ ಜಗ್ಗಿದರೂ ಅಷ್ಟೇ.

ಒಂದು ಬೇಸಿಗೆಯಲ್ಲಿ ಮಳೆರಾಯ ಅವಳ ಅಂಗಳಕ್ಕೆ ಬಂದ. ಮಳೆರಾಯನಿಗೆ ಒಂದು ಗಾಡಿ. ಗಾಡಿಗೆ ಒಂದೇ ಕುದುರೆ. ಬೂದಿ ಬಣ್ಣದ ಹೆಣ್ಣು ಕುದುರೆ, ಹೆಸರು ಮುಗಿಲಿ. ಅಲ್ಲಿಯವರೆಗೂ ಅವನು ಮಳೆಯನ್ನು ತಲೆ ಮೇಲೆ ಹೊತ್ತು ತಿರುಗುತ್ತಿದ್ದನಂತೆ. ಕತ್ತು ನೋವು ಬಂದು ಗಾಡಿ ಮಾಡಿಸಿದ್ದ.

"ತಿಪ್ಪಕ್ಕಾ, ನನ್ನ ಮುಗಿಲಿಗೆ ಒಂದು ಹೊಟ್ಟೆಬಾರು ಹೊಲಿದುಕೊಡಬೇಕಲ್ಲ."

"ಅದಕ್ಕೇನು ರಾಯ, ನಿಲ್ಲಿಸು ಕುದುರೇನ," ಅಂದಳು ತಿಪ್ಪಕ್ಕ. ಗೇಣು ಹಾಕಿ ಅಳೆದಳು. ಬೇಸಿಗೆಯಲ್ಲವೇ, ಮುಗಿಲಿ ಬಡಕಲಾಗಿದ್ದಳು, ಪಕ್ಕೆಲುಬು ಎಣಿಸಬಹುದಿತ್ತು. ಸರಿಯಾಗಿ ಹನ್ನೊಂದು ಗೇಣು. ಹನ್ನೊಂದು ಗೇಣಿನ ಬಾರು ಹೊಲಿದುಕೊಟ್ಟಳು.

ಮಳೆರಾಯ ಗಾಡಿ ಕಟ್ಟಿಕೊಂಡು ಸಮುದ್ರಕ್ಕೆ ಹೋದ. ಮುಗಿಲಿ ಬಗ್ಗಿ ಸಮುದ್ರಕ್ಕೆ ಬಾಯಿ ಹಾಕಿದಳು. ಒಂದು ಗುಟುಕು ಕುಡಿದಳು, ಮೈ ಕಪ್ಪಾಯಿತು. ಎರಡು ಗುಟುಕು ಕುಡಿದಳು, ಹೊಟ್ಟೆ ಉಬ್ಬಿತು. ಮೂರನೇ ಗುಟುಕಿಗೆ... ಟಪ್!

ಬಾರು ಹರಿದು ಹೋಯಿತು.

ಸುದ್ದಿ ತಂದದ್ದು ಪಡುಗಾಳಿ. ಸಮುದ್ರದ ಕಡೆಯಿಂದ ಬರುವ ಗಾಳಿ ಅದು, ಹೊಟ್ಟೆಯಲ್ಲಿ ಒಂದು ಮಾತೂ ಇಟ್ಟುಕೊಳ್ಳುತ್ತಿರಲಿಲ್ಲ. "ತಿಪ್ಪಕ್ಕನ ಬಾರು ಹರೀತು! ತಿಪ್ಪಕ್ಕನ ಬಾರು ಹರೀತು!" ಅಂತ ಊರೆಲ್ಲ ಸಾರಿಕೊಂಡು ಬಂತು.

ತಿಪ್ಪಕ್ಕನ ಮುಖ ಕೆಂಪಾಯಿತು. ಈ ಸಲ ಹದಿನಾರು ಗೇಣಿನ ಬಾರು ಹೊಲಿದಳು. ಸಮುದ್ರದ ದಡದಲ್ಲಿ ಅದು ಹೇಳಿ ಮಾಡಿಸಿದ ಹಾಗಿತ್ತು. ಆದರೆ ಮುಗಿಲಿ ಬೆಟ್ಟ ಹತ್ತುತ್ತಾ ಹತ್ತುತ್ತಾ ಮಳೆ ಸುರಿಸಿದಳು. ಸುರಿಸಿದಷ್ಟೂ ಹೊಟ್ಟೆ ಇಳಿಯಿತು. ಬೆಟ್ಟ ಇಳಿದು ಬಯಲಿಗೆ ಬರುವ ಹೊತ್ತಿಗೆ ಮತ್ತೆ ಹನ್ನೊಂದು ಗೇಣಿನ ಬಡಕಲು ಕುದುರೆ. ಬಾರು ಜೋತುಬಿದ್ದು, ಅತ್ತಿಂದಿತ್ತ ಜಾರಿ, ಮುಂಗಾಲಿನ ಸಂದಿಯಲ್ಲಿ ತಿಕ್ಕಿ ತಿಕ್ಕಿ ಗಾಯವಾಯಿತು.

"ತಿಪ್ಪಕ್ಕನ ಬಾರು ಕಚ್ಚಿತು! ತಿಪ್ಪಕ್ಕನ ಬಾರು ಕಚ್ಚಿತು!" ಅಂತ ಬಂತು ಪಡುಗಾಳಿ.

ಮೂರನೇ ಸಲ ತಿಪ್ಪಕ್ಕ ಹಿತ್ತಾಳೆ ಕೊಂಡಿ ಹಾಕಿದಳು. ಕೊಂಡಿಗೆ ಒಂದು ನಾಲಿಗೆ, ಬಾರಿಗೆ ಸಾಲಾಗಿ ಆರು ತೂತು. ಕುದುರೆ ಉಬ್ಬಿದರೆ ಒಂದು ತೂತು ಸಡಿಲ, ಇಳಿದರೆ ಒಂದು ತೂತು ಬಿಗಿ. "ಇದಕ್ಕಿಂತ ಇನ್ನೇನು ಬೇಕು?" ಅಂತ ಬೀಗಿದಳು.

ನಾಲ್ಕು ದಿನಕ್ಕೆ ಮಳೆರಾಯ ನಡೆದುಕೊಂಡೇ ಬಂದ. ಗಾಡಿ ಇಲ್ಲ. ಹಿಂದೆ ಮುಗಿಲಿ ಕುಂಟುತ್ತಿದ್ದಳು. ಗಾಯ ಅಂಗೈಯಗಲ ಆಗಿತ್ತು.

"ಏನು ರಾಯ, ತೂತು ಬದಲಾಯಿಸಲಿಲ್ಲವಾ?"

"ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈಯಲ್ಲಿ ಮಿಂಚಿನ ಚಾಟಿ. ಮುಗಿಲ ಮಧ್ಯೆ ಕೊಂಡಿ ಬಿಚ್ಚೋಕೆ ಮೂರನೇ ಕೈ ಎಲ್ಲಿಂದ ತರಲಿ ತಿಪ್ಪಕ್ಕಾ? ನೀನೇ ಹೊಲಿದುಕೊಡ್ತೀಯಾ?"

ತಿಪ್ಪಕ್ಕ ಬಗ್ಗಿ ಗಾಯ ನೋಡಿದಳು.

"ಕೇಳು," ಅಂದ ಮಳೆರಾಯ. ಕೋಪವಿರಲಿಲ್ಲ ಅವನ ದನಿಯಲ್ಲಿ, ಅದೇ ಅವಳಿಗೆ ಇನ್ನೂ ಚುಚ್ಚಿತು. "ನಾಡಿದ್ದು ಬೆಳಿಗ್ಗೆಯವರೆಗೂ ಕಾಯ್ತೀನಿ. ಆಮೇಲೆ ಇವಳನ್ನ ಸಮುದ್ರದ ದಡದಲ್ಲಿ ಮೇಯೋಕೆ ಬಿಟ್ಟುಬಿಡ್ತೀನಿ. ಮಳೆ ಅಲ್ಲೇ ಸಮುದ್ರಕ್ಕೇ ಬೀಳಲಿ. ಮಳೆ ಎಷ್ಟಾದರೂ ಇದೆ ನನ್ನ ಹತ್ತಿರ. ಕುದುರೆ ಒಂದೇ."

"ಸರಿ ರಾಯ," ಅಂದು ತಿಪ್ಪಕ್ಕ ಮುಗಿಲಿಯ ಗಾಯ ತೊಳೆದಳು. ಅರಿಸಿನ, ಹರಳೆಣ್ಣೆ ಕಲಸಿ ಹಚ್ಚಿದಳು. ಮುಗಿಲಿ ಅವಳ ಭುಜದ ಮೇಲೆ ಗದ್ದ ಊರಿ, "ಅತ್ತೇ, ನಂಗೆ ಹೊಲಗಳ ಮೇಲೆ ಓಡೋದು ಅಂದರೆ ಇಷ್ಟ," ಅಂದಳು. "ದಡದಲ್ಲಿ ಬರೀ ಮರಳು."

"ಗೊತ್ತು ಕಣೇ," ಅಂದಳು ತಿಪ್ಪಕ್ಕ. ಗಾಯಕ್ಕೆ ಗಾಳಿ ಊದುತ್ತಾ ಕೂತಳು.

ಅಂಗಳದ ಒಣ ಹೊಂಡದಲ್ಲಿ ಗೊಂಕರಪ್ಪ ಅನ್ನೋ ಮುದಿ ಕಪ್ಪೆ ಇತ್ತು. ಅದಕ್ಕೆ ಬೇರೆಯವರ ಕೆಲಸದಲ್ಲಿ ಬಾಯಿ ಹಾಕದಿದ್ದರೆ ಊಟ ಸೇರುತ್ತಿರಲಿಲ್ಲ.

"ತಿಪ್ಪಕ್ಕಾ, ತಾನಾಗೇ ಉದ್ದ ಆಗೋ, ತಾನಾಗೇ ಗಿಡ್ಡ ಆಗೋ ಬಾರು ಹೊಲಿ. ಅಷ್ಟೇ ತಾನೇ? ವಟ್ ವಟ್ ವಟ್!" ಅಂತ ನಕ್ಕಿತು.

"ಅಂಥ ತೊಗಲು ಯಾವ ಪ್ರಾಣಿ ಮೈಮೇಲಿದೆಯೋ ಗೊಂಕರಪ್ಪ?"

"ನನ್ನ ಮೈಮೇಲಿದೆ," ಅಂತು ಒಂದು ದನಿ, ಕಾಲ ಬುಡದಿಂದ.

ತಿಪ್ಪಕ್ಕ ಬಗ್ಗಿ ನೋಡಿದಳು. ಬಿರುಕು ಬಿಟ್ಟ ನೆಲದಿಂದ ಎರೆಯಪ್ಪ ತಲೆ ಹೊರಗೆ ಹಾಕಿದ್ದ. ಎರೆಯಪ್ಪ ಅಂದರೆ ಎರೆಹುಳಗಳ ಯಜಮಾನ. ಆಗ ಎರೆಹುಳದ ಮೈ ತುದಿಯಿಂದ ತುದಿಗೆ ಒಂದೇ ಸಮ. ತಲೆ ಯಾವುದು, ಬಾಲ ಯಾವುದು ಅಂತ ಅವರ ಮನೆಯವರಿಗೂ ಗೊಂದಲ.

"ನಮ್ಮ ಮನೆ ಸೂರು ಬಿರುಕು ಬಿಟ್ಟಿದೆ ತಿಪ್ಪಕ್ಕ. ಮಕ್ಕಳ ಮೈ ಒಣಗಿ ಅಂಟಿಕೊಳ್ತಾ ಇದೆ. ಮಳೆಗಾಡಿ ಬರಲೇಬೇಕು. ನನ್ನ ಕಟ್ಟಿನೋಡು."

ಗೊಂಕರಪ್ಪ ಹೊಟ್ಟೆ ಹಿಡಿದುಕೊಂಡು ಉರುಳಿತು. "ಹುಳಾನ ಕುದುರೆಗೆ ಕಟ್ಟೋದು! ನಾಳೆ ನನ್ನನ್ನ ಗಾಡಿ ಚಕ್ರ ಮಾಡು!"

ತಿಪ್ಪಕ್ಕ ನಗಲಿಲ್ಲ. ಎರಡು ಕೈಯಲ್ಲಿ ಹಿಡಿದು ಎಳೆದಳು. ಎರೆಯಪ್ಪ ಉದ್ದವಾದ, ಇನ್ನೂ ಉದ್ದವಾದ, ಹದಿನಾರು ಗೇಣಾದ. ಬಿಟ್ಟಳು. ಸರ್ರನೆ ಹನ್ನೊಂದಕ್ಕೆ ಬಂದ. ಮತ್ತೆ ಎಳೆದಳು, ಮತ್ತೆ ಬಿಟ್ಟಳು. ಅವಳ ಕಣ್ಣು ಅಗಲವಾಯಿತು.

"ಕೊಂಡಿ ಕೂರೋಕೆ ಒಂದು ತೂತು ಬೇಕಲ್ಲೋ ಎರೆಯಪ್ಪ."

"ಹಾಕು."

ತಿಪ್ಪಕ್ಕ ದಬ್ಬಳ ತೆಗೆದುಕೊಂಡಳು. "ಕಣ್ಣು ಮುಚ್ಚಿಕೋ."

"ಇದ್ದರೆ ತಾನೇ ಮುಚ್ಚೋದು?"

ತಿಪ್ಪಕ್ಕನಿಗೆ ನಗು ಬಂತು. ನಗು ಬಂದ ಮೇಲೆ ದಬ್ಬಳ ಊರೋಕೆ ಕೈ ಬರಲಿಲ್ಲ. ಎಮ್ಮೆ ತೊಗಲಿಗೆ ಸಾವಿರ ತೂತು ಹಾಕಿದ ಕೈ ಅದು. ಆದರೆ ಈ ತೊಗಲು ಅವಳ ಜೊತೆ ಮಾತಾಡುತ್ತಿತ್ತಲ್ಲ! ದಬ್ಬಳ ಬದಿಗಿಟ್ಟು, ಇಕ್ಕಳ ಹಿಡಿದು, ಕೊಂಡಿಯ ನಾಲಿಗೆಯನ್ನೇ ಕಿತ್ತೆಸೆದಳು.

"ಅಯ್ಯಯ್ಯೋ, ನಾಲಿಗೆ ಇಲ್ಲದ ಕೊಂಡಿ ಏನು ಕೊಂಡಿ!" ಅಂತು ಗೊಂಕರಪ್ಪ.

"ಇನ್ನೊಂದು ಮಾತಾಡಿದರೆ ಮುಂದಿನ ನಾಲಿಗೆ ನಿನ್ನದು."

ಗೊಂಕರಪ್ಪ ಬಾಯಿ ಮುಚ್ಚಿತು. ತಿಪ್ಪಕ್ಕ ಬರಿ ಬಳೆಯಾಗಿ ಉಳಿದ ಕೊಂಡಿಗೆ ಇನ್ನೊಂದು ಬಳೆ ಜೋಡಿಸಿದಳು. ಎರೆಯಪ್ಪನ ಬಾಲವನ್ನು ಎರಡಕ್ಕೂ ಗಂಟು ಹಾಕಿ, ತಲೆಯ ಕಡೆಯನ್ನು ಮುಗಿಲಿಯ ಹೊಟ್ಟೆ ಸುತ್ತ ತಂದು ಎರಡು ಬಳೆಯಲ್ಲೂ ತೂರಿಸಿ, ಹಿಂದಕ್ಕೆ ತಿರುಗಿಸಿ ಒಂದರಲ್ಲಿ ಹೊರತೆಗೆದಳು. ಜಗ್ಗಿದಷ್ಟೂ ಬಿಗಿ. ತೂತೂ ಬೇಡ, ನಾಲಿಗೆಯೂ ಬೇಡ.

ಮೂರನೇ ದಿನ ಬೆಳಿಗ್ಗೆ ಗಾಡಿ ಹೊರಟಿತು. ಮುಗಿಲಿ ಸಮುದ್ರ ಕುಡಿದು ಉಬ್ಬಿದಳು, ಎರೆಯಪ್ಪ ಹಿಗ್ಗಿದ. ಮುಗಿಲಿ ಮಳೆ ಸುರಿಸಿ ಇಳಿದಳು, ಎರೆಯಪ್ಪ ಕುಗ್ಗಿದ. ಬೆಟ್ಟ ಹತ್ತಿದರು, ಬಯಲಿಗೆ ಬಂದರು. ಗಡಗಡ ಗಡಗಡ ಅಂತ ಗಾಡಿ ಓಡಿತು. ಹೊಂಡ ತುಂಬಿತು, ಬಿರುಕು ಮುಚ್ಚಿತು, ಗೊಂಕರಪ್ಪ ನೀರಲ್ಲಿ ಮೂರು ಲಾಗ ಹಾಕಿತು. ಮುಗಿಲಿಯ ಹಳೇ ಗಾಯದ ಮೇಲೆ ಹೊಸದೊಂದು ಗೀರೂ ಬೀಳಲಿಲ್ಲ.

ಪಡುಗಾಳಿ ಈ ಸಲ ಏನು ಕೂಗಬೇಕು ಅಂತ ತಿಳಿಯದೆ ಸುಮ್ಮನೆ ತಂಪಾಗಿ ಬೀಸಿಕೊಂಡು ಬಂತು.

ಸಂಜೆ ತಿಪ್ಪಕ್ಕ ಬಾರು ಬಿಚ್ಚಿದಳು. ಎರೆಯಪ್ಪ ಥಟ್ಟನೆ ಮಣ್ಣಿಗೆ ಇಳಿಯೋಕೆ ಹೊರಟ.

"ಯಾಕೋ ಇಷ್ಟು ಅವಸರ? ನಿಲ್ಲು."

"ಮಕ್ಕಳು ಕಾಯ್ತಿರ್ತಾರೆ."

ಮುಗಿಲಿ ತಿಪ್ಪಕ್ಕನ ಕಿವಿಯ ಹತ್ತಿರ ಮೂತಿ ತಂದಳು. "ಅತ್ತೇ, ಅವನು ದಾರಿಯೆಲ್ಲ ಮುಲುಕುತ್ತಿದ್ದ."

ತಿಪ್ಪಕ್ಕ ಅವನನ್ನು ಹಿಡಿದು ಬೆಳಕಿಗೆ ತಿರುಗಿಸಿದಳು. ತಲೆಯಿಂದ ಸ್ವಲ್ಪ ಕೆಳಗೆ, ಬಳೆಗಳು ಕೂರುವ ಜಾಗದಲ್ಲಿ, ತೊಗಲು ಸುಲಿದು ಹಸಿಯಾಗಿತ್ತು.

"ಏನಿಲ್ಲ ತಿಪ್ಪಕ್ಕ. ನಾಳೆ ಹೊತ್ತಿಗೆ ಸರಿಹೋಗುತ್ತೆ."

"ಹೋಗುತ್ತೆ, ಹೋಗುತ್ತೆ! ಕುದುರೆ ಗಾಯ ತೆಗೆದು ಹುಳಕ್ಕೆ ಅಂಟಿಸಿದೆ. ಚೆನ್ನಾಗಿದೆ ನನ್ನ ಕಸುಬು!" ಅಂತ ತನ್ನನ್ನೇ ಬೈದುಕೊಂಡಳು.

ಮರುದಿನ ಬೆಳಿಗ್ಗೆ ಮಳೆರಾಯ ಹಾಡಿಕೊಂಡು ಬಂದ. "ತಾ ತಿಪ್ಪಕ್ಕಾ ಬಾರು! ಇವತ್ತು ಮೂಡಲ ಸೀಮೆಗೂ ಹೋಗಿಬರ್ತೀವಿ."

"ಇವತ್ತು ಗಾಡಿ ಹೊರಡಲ್ಲ."

"ಹಾಗಂದರೆ?"

"ಬಾರಿಗೆ ಗಾಯ ಆಗಿದೆ."

"ಬಾರಿಗೆ ಗಾಯವಾ? ಬಾರು ಸವೆದರೆ ಇನ್ನೊಂದು ಎಳೆದರಾಯ್ತು. ನೆಲದ ತುಂಬ ಇವೆಯಲ್ಲ!"

ತಿಪ್ಪಕ್ಕ ಸೊಂಟದ ಮೇಲೆ ಕೈ ಇಟ್ಟಳು. "ರಾಯ, ನಿನ್ನ ಕುದುರೆ ಕುಂಟಿದಾಗ ಊರಿಗೇ ಮಳೆ ಇಲ್ಲ ಅಂದೆ. ನಾನು ಸರಿ ಅಂದೆ. ಇವನು ನನ್ನ ಬಾರು. ಇವನ ಮೈ ಸುಲಿಯೋ ಹಾಗಿದ್ದರೆ ನೀನು ಮತ್ತೆ ಮಳೆ ತಲೆ ಮೇಲೆ ಹೊತ್ತುಕೋ."

ಮಳೆರಾಯ ಕತ್ತು ಸವರಿಕೊಂಡ. ಹಳೇ ನೋವು ನೆನಪಾಗಿರಬೇಕು. "ಎಷ್ಟು ಹೊತ್ತು ಬೇಕು ಹೇಳು," ಅಂತ ಜಗಲಿ ಮೇಲೆ ಕೂತ. ಅವನ ಮೈಯಿಂದ ತೊಟಕ್ ತೊಟಕ್ ಅಂತ ನೀರು ಬೀಳುತ್ತಿತ್ತು.

ತಿಪ್ಪಕ್ಕ ತಿಕ್ಕುವ ಜಾಗಕ್ಕೆ ಒಂದು ತೋಳು ಹೊಲಿಯಬೇಕು ಅಂದುಕೊಂಡಳು. ರವಿಕೆಗೆ ತೋಳು ಇರುತ್ತದಲ್ಲ, ಹಾಗೆ. ಬಳೆ ತಿಕ್ಕಿದರೆ ತೋಳು ಸವೆಯಲಿ, ಮೈ ಉಳಿಯಲಿ. ಹೊಸ ತೊಗಲು ತಾಗಿಸಿ ನೋಡಿದಳು. ಎರೆಯಪ್ಪ "ಸ್ಸ್" ಅಂದ. ಕುರಿ ತೊಗಲು ತಾಗಿಸಿದಳು. ಮತ್ತೆ "ಸ್ಸ್". ಮನೆಯಲ್ಲಿದ್ದ ತುಂಡುಗಳೆಲ್ಲ ಮುಗಿದವು. ಯೋಚನೆ ಹತ್ತದೆ ಒಂದು ಎಲೆ ಹಾಕಿಕೊಳ್ಳೋಣ ಅಂತ ಸೊಂಟದ ಸಂಚಿಗೆ ಕೈ ಹಾಕಿದಳು.

ಹಾಕಿದ ಕೈ ಅಲ್ಲೇ ನಿಂತಿತು.

ಅದು ಅವಳ ಅವ್ವ ಕೊಟ್ಟ ತೊಗಲಿನ ಸಂಚಿ. ಅವ್ವನ ಬೆರಳು, ಅವಳ ಬೆರಳು, ದಿನಕ್ಕೆ ಹತ್ತು ಸಲ, ನಲವತ್ತು ವರ್ಷ. ಎಲೆಅಡಿಕೆ ಸುಣ್ಣದ ಕಲೆ ಕೂತು ತಿಳಿಗೆಂಪಾಗಿತ್ತು. ಮಗುವಿನ ಕೆನ್ನೆಯ ಹಾಗೆ ಮೆತ್ತಗಿತ್ತು. ಅಂಥ ಮೆತ್ತನೆಯನ್ನು ಯಾವ ತಂಗಡಿ ನೀರೂ ಕೊಡೋದಿಲ್ಲ, ಕೈಯೇ ಕೊಡಬೇಕು.

ತಿಪ್ಪಕ್ಕ ಒಂದು ಗಳಿಗೆ ಸಂಚಿ ನೋಡಿದಳು. ಒಂದು ಗಳಿಗೆ ಎರೆಯಪ್ಪನನ್ನು ನೋಡಿದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲ ಮಳೆರಾಯನ ಮಡಿಲಿಗೆ ಸುರಿದು, ಕತ್ತರಿ ಹಾಕಿದಳು. ಕರ್ರ್!

"ಅಯ್ಯೋ, ಸಂಚೀನೇ!" ಅಂದ ಮಳೆರಾಯ.

"ಸುಮ್ಮನೆ ಒಂದು ಎಲೆಗೆ ಸುಣ್ಣ ಹಚ್ಚಿಕೊಡು. ಖಾಲಿ ಕೂತಿದ್ದೀಯಲ್ಲ."

ಮಳೆರಾಯ ಸುಣ್ಣ ಹಚ್ಚಿಕೊಟ್ಟ. ತಿಪ್ಪಕ್ಕ ಎಲೆ ಜಗಿಯುತ್ತಾ ಸಣ್ಣ ಹೊಲಿಗೆ ಹಾಕಿ ತೋಳು ಹೊಲಿದಳು. ಹೊಲಿಗೆಯ ಗಂಟೆಲ್ಲ ಹೊರಗೆ, ನಯವೆಲ್ಲ ಒಳಗೆ.

"ನಡುವಿಗೆ ಸರಿಯಾಗಿ ಹಾಕು ತಿಪ್ಪಕ್ಕ. ಡಾಬು ಹಾಕಿಕೊಂಡ ಹಾಗೆ ಚೆನ್ನಾಗಿ ಕಾಣುತ್ತೆ," ಅಂದ ಎರೆಯಪ್ಪ.

"ನಿನಗೆ ಮದುವೆ ಅಲ್ಲ ಕಣೋ ಇವತ್ತು. ಎಲ್ಲಿ ತಿಕ್ಕುತ್ತೋ ಅಲ್ಲೇ ಹಾಕೋದು. ಉಸಿರು ಹಿಡಿ, ಸಣ್ಣಗಾಗು."

ಎರೆಯಪ್ಪ ದಾರದ ಹಾಗೆ ಸಣ್ಣಗಾದ. ತಿಪ್ಪಕ್ಕ ತೋಳನ್ನು ತಲೆಯಿಂದ ತೂರಿಸಿ ಗಾಯದ ಮೇಲೆ ತಂದು ನಿಲ್ಲಿಸಿದಳು. "ಈಗ ಬಿಡು." ಎರೆಯಪ್ಪ ದಪ್ಪಗಾದ. ತೋಳು ಅವನಿಗೆ ಹುಟ್ಟುತ್ತಲೇ ಬಂದದ್ದೇನೋ ಅನ್ನುವ ಹಾಗೆ ಕೂತಿತು.

ಅವತ್ತು ಗಾಡಿ ಮೂಡಲ ಸೀಮೆಯವರೆಗೂ ಹೋಗಿ ಬಂತು. ಸಂಜೆ ಎರೆಯಪ್ಪನನ್ನು ಬಿಚ್ಚಿದರೆ ಮೈ ನುಣ್ಣಗಿತ್ತು. ಅವನು ಅವಸರ ಮಾಡಲಿಲ್ಲ. ಅಂಗಳದಲ್ಲೇ ಮೈ ಚಾಚಿ, ಗೊಂಕರಪ್ಪನಿಗೆ ಸಮುದ್ರದ ಕಥೆ ಹೇಳುತ್ತಾ ಬಿದ್ದುಕೊಂಡ. ತಿಪ್ಪಕ್ಕ ಎಲೆಅಡಿಕೆಯನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ಒಲೆ ಹಚ್ಚೋಕೆ ಹೋದಳು.

ಆ ತೋಳನ್ನು ಎರೆಯಪ್ಪ ತೆಗೆಯಲೇ ಇಲ್ಲ. ಮಳೆಗಾಲ ಕಳೆಯುತ್ತಾ ಅದು ಅವನ ಮೈಗೇ ಕೂಡಿಕೊಂಡಿತು. ಅವನಿಗೆ ವಯಸ್ಸಾದ ಮೇಲೆ ಮಕ್ಕಳು ಸರದಿ ಹಿಡಿದರು, ಮಕ್ಕಳ ನಂತರ ಮೊಮ್ಮಕ್ಕಳು. ಎಲ್ಲರಿಗೂ ಆ ತೋಳು ಬಂತು. ಮರಿಗಳಿಗೆ ಮಾತ್ರ ಇರೋದಿಲ್ಲ. ದುಡಿಯುವ ವಯಸ್ಸು ಬಂದ ಮೇಲೇ ಅದು ಮೂಡೋದು.

ಅದಕ್ಕೇ ಕಂದಾ, ಗಡಗಡ ಅಂತ ಗುಡುಗಿ ಮಳೆ ಶುರುವಾದ ಕೂಡಲೇ ಎರೆಹುಳಗಳು ಇವತ್ತು ತಮ್ಮದೇ ಸರದಿಯೇನೋ ಅಂತ ಮಣ್ಣಿನಿಂದ ಎದ್ದು ನಮ್ಮ ಅಂಗಳಕ್ಕೆ ಬರುತ್ತವೆ. ತುಳಿಯದೆ ಬಗ್ಗಿ ನೋಡು, ತಲೆಯಿಂದ ಸ್ವಲ್ಪ ಕೆಳಗೆ ತಿಪ್ಪಕ್ಕ ತೊಡಿಸಿದ ತಿಳಿಗೆಂಪು ತೋಳು ಇನ್ನೂ ಹಾಗೇ ಇದೆ.