ಕೊರಡಾದ ದೊಡ್ಡಮ್ಮ

ಮಕ್ಕಳೇ, ನೀರುನಾಯಿಯನ್ನು ನೋಡಿದ್ದೀರಾ? ಹೆಸರಿನಲ್ಲಿ ನಾಯಿ ಇದೆ, ಆದರೆ ಬೊಗಳುವುದಿಲ್ಲ. ಮೈ ಎಣ್ಣೆ ಹಚ್ಚಿದಂತೆ ನುಣುಪು, ಬಾಲ ಚಪ್ಪಟೆ, ಮೂತಿಯ ತುಂಬ ಬಿರುಸು ಮೀಸೆ. ಗಂಡಿಗೂ ಮೀಸೆ, ಹೆಣ್ಣಿಗೂ ಮೀಸೆ. ಆ ಮೀಸೆಯನ್ನು ಸ್ವಲ್ಪ ನೆನಪಿನಲ್ಲಿಡಿ.

ಕಾಡಿನ ನಡುವೆ ಒಂದು ಹೊಳೆ. ಹೊಳೆಯ ನಡುವೆ ಮರಳಿನ ದಿಬ್ಬ. ದಿಬ್ಬದ ಮೇಲೆ ಒಂದು ಹೊಳೆಮತ್ತಿ ಮರ. ಅದರ ಬೇರಿನ ಸಂದಿಯಲ್ಲಿ ಭರಮಕ್ಕ ಎಂಬ ನೀರುನಾಯಿಯ ಮನೆ. ಅವಳಿಗೆ ಬುಗುರಿ, ಗೋಲಿ ಎಂಬ ಇಬ್ಬರು ಗಂಡುಮಕ್ಕಳು. ಹೋದ ಮಳೆಗಾಲದಲ್ಲಿ ಅವರ ಜೊತೆ ಇನ್ನೊಂದು ಮರಿ ಸೇರಿಕೊಂಡಿತು. ಅವಳ ಹೆಸರು ಚಿಗುಳಿ.

ಚಿಗುಳಿ ಈ ಊರಿನವಳಲ್ಲ. ಹೊಳೆಯ ಮೇಲಿನ ಸೀಮೆಯಲ್ಲಿ ನೆರೆ ಬಂದು ಅವಳ ಮನೆ ಕೊಚ್ಚಿಹೋಯಿತು. ಅವ್ವ ನೀರಿನಲ್ಲಿ ಕಾಣದಾದಳು. ಒಂದು ಕೊರಡನ್ನು ತಬ್ಬಿಕೊಂಡು ಚಿಗುಳಿ ಒಬ್ಬಳೇ ತೇಲಿ ಬಂದಳು. ಭರಮಕ್ಕ ಹಿಂದೆ ಮುಂದೆ ನೋಡಲಿಲ್ಲ. ನೀರಿಗೆ ಹಾರಿ, ಮರಿಯ ಕತ್ತಿನ ಚರ್ಮ ಕಚ್ಚಿ ಮೇಲೆ ತಂದಳು. "ಇನ್ನು ನಾನೇ ಇವಳ ದೊಡ್ಡಮ್ಮ" ಎಂದಳು.

ಭರಮಕ್ಕನ ಮನಸ್ಸು ಬೆಣ್ಣೆ. ಆದರೆ ಅವಳಲ್ಲಿ ಒಂದು ದೋಷವಿತ್ತು. ನೋವನ್ನು ಮುಚ್ಚಿಟ್ಟರೆ ಅದು ತಾನಾಗಿಯೇ ಮಾಯುತ್ತದೆ ಎಂದು ಅವಳು ನಂಬಿದ್ದಳು.

"ಈ ದಿಬ್ಬದಲ್ಲಿ ಯಾರೂ ನೆರೆಯ ಮಾತು ಎತ್ತಕೂಡದು" ಎಂದು ಎಲ್ಲರಿಗೂ ಕಟ್ಟಪ್ಪಣೆ ಮಾಡಿದಳು. "ಅವಳ ಅವ್ವನ ಮಾತೂ ಬೇಡ. ಕೂಸು ನೊಂದುಕೊಳ್ಳುತ್ತೆ."

ಒಮ್ಮೆ ಮಿಂಚುಳ್ಳಿ ಹಾರಿ ಬಂದು, "ಮೇಲುಗಡೆ ನೀರು ಏರ್ತಾ..." ಎಂದು ಬಾಯಿ ತೆರೆಯಿತು. ಭರಮಕ್ಕ ಕಣ್ಣು ಕೆಕ್ಕರಿಸಿದಳು. "ಏರ್ತಾ... ಬಿಸಿಲು ಏರ್ತಾ ಇದೆ, ಬರ್ತೀನಕ್ಕ" ಎಂದು ಮಿಂಚುಳ್ಳಿ ಮಾಯ.

ಚಿಗುಳಿ ತಿಂದಳು, ಮಲಗಿದಳು, ಬೆಳೆದಳು. ಆದರೆ ಹೆಚ್ಚು ಮಾತಾಡಲಿಲ್ಲ. ನೀರಿಗಂತೂ ಕಾಲಿಡಲಿಲ್ಲ. ಬುಗುರಿ, ಗೋಲಿ ಮೀನಿನ ಹಿಂದೆ ಬಿದ್ದು ಮುಳುಗಿ ಏಳುವಾಗ ಅವಳು ಬಂಡೆಯ ಮೇಲೆ ಒಣಗಿಕೊಂಡು ಕೂತಿರುತ್ತಿದ್ದಳು.

ಬೇಸಿಗೆ ಮುಗಿಯುತ್ತ ಬಂತು. ಕೆಂಚಪ್ಪ ಎಂಬ ಮುದಿ ಆಮೆ ಭರಮಕ್ಕನ ಪಕ್ಕ ಬಂದು ಕತ್ತು ಹೊರಗೆ ಹಾಕಿತು.

"ಅಲ್ಲಮ್ಮ ಭರಮಕ್ಕ, ಮಳೆ ಹಿಡಿದರೆ ಈ ದಿಬ್ಬ ಮುಳುಗೋದು ವರ್ಷಾ ವರ್ಷಾ ಇದ್ದದ್ದೇ. ಎಲ್ಲರೂ ಈಜಿ ಆಚೆ ದಡ ಸೇರಬೇಕು. ಈ ಹುಡುಗಿ ಏನು ಮಾಡ್ತಾಳೆ?"

"ಶ್! ಮೆಲ್ಲಗೆ ಮಾತಾಡಜ್ಜ. ನಾನೇ ಕಚ್ಕೊಂಡು ಹೋಗ್ತೀನಿ."

"ಹೋದ ವರ್ಷ ಅವಳು ಒಂದು ಮೀನಿನಷ್ಟಿದ್ದಳು. ಈಗ ನೋಡು. ಇಬ್ಬರೂ ಮುಳುಗ್ತೀರಿ."

ಭರಮಕ್ಕ ಮಾತು ತಪ್ಪಿಸಿ ಮೀನು ಹಿಡಿಯಲು ಹೋದಳು.

ಮರಳಿ ಬಂದಾಗ ದಿಬ್ಬದ ಅಂಚಿನಲ್ಲಿ ಗದ್ದಲವೋ ಗದ್ದಲ. ಮರಿಗಳು ಅಲ್ಲಿನ ಸಣ್ಣ ಝರಿಗೆ ಕೆಸರಿನ ಒಡ್ಡು ಕಟ್ಟಿದ್ದವು. ಒಡ್ಡಿನ ಕೆಳಗೆ ಕಡ್ಡಿಗಳ ಪುಟ್ಟ ಮನೆ. ಮನೆಯೊಳಗೆ ಎರಡು ಬಸವನಹುಳದ ಚಿಪ್ಪು, ಒಂದು ದೊಡ್ಡದು, ಒಂದು ಚಿಕ್ಕದು. ಮೂಕಿಯಂತಿದ್ದ ಚಿಗುಳಿ ನಡುವೆ ನಿಂತು ದರ್ಬಾರು ಮಾಡುತ್ತಿದ್ದಳು.

"ಗೋಲಿ, ಈಗಲೇ ಬೇಡ! ಮೊದಲು ಎಲ್ಲರೂ ಮಲಗಬೇಕು. ಹಾಂ, ಈಗ ಒಡೆಯೋ! ನೆರೆ ಬಂತು! ನೆರೆ ಬಂತು!"

ಭರಮಕ್ಕನ ಬಾಯಿಯಿಂದ ಮೀನು ಬಿತ್ತು. ಓಡಿ ಬಂದು ಒಡ್ಡು, ಮನೆ, ಚಿಪ್ಪು ಎಲ್ಲವನ್ನೂ ತುಳಿದು ಹಾಕಿದಳು.

"ಯಾರು ಹೇಳಿಕೊಟ್ಟರು ಈ ಆಟ? ಬುಗುರಿ, ನೀನಾ?"

"ನಾನಲ್ಲಮ್ಮ. ಅವಳದೇ ಆಟ. ಚೆನ್ನಾಗಿತ್ತು!"

"ಬಾಯಿ ಮುಚ್ಚು!"

ಚಿಗುಳಿ ಬೇರಿನ ಸಂದಿಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅವತ್ತು ಊಟ ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ.

ಭರಮಕ್ಕ ಎಳೆಯ ಸೀಗಡಿ ತಂದಳು, ಏಡಿಯ ಚಿಪ್ಪು ಬಿಡಿಸಿ ಇಟ್ಟಳು. ಕೊನೆಗೆ ಸೋತು ಮರಿಯ ಪಕ್ಕ ಕೂತಳು.

"ಯಾಕೆ ಕಂದ? ಆ ಕೆಟ್ಟ ಆಟ ನೆನೆದು ಬೇಜಾರಾಯ್ತಾ?"

"ಆಟ ಮುಗಿದಿರಲಿಲ್ಲ" ಎಂದಳು ಚಿಗುಳಿ.

"ನಿನಗೆ ನೋವಾಗುತ್ತೆ ಅಂತ ತಾನೇ ನಾನು..."

"ನನಗಲ್ಲ ದೊಡ್ಡಮ್ಮ, ನಿನಗೆ. ನೆರೆ ಅಂದ ಕೂಡಲೇ ನಿನ್ನ ಮೀಸೆ ನಡುಗುತ್ತೆ. ಅದಕ್ಕೇ ನಾನು ಇಷ್ಟು ದಿನ ಸುಮ್ಮನಿದ್ದೆ."

ಭರಮಕ್ಕ ಮೀಸೆ ಮುಟ್ಟಿ ನೋಡಿಕೊಂಡಳು. ಹೌದು, ಆಗಲೂ ನಡುಗುತ್ತಿತ್ತು. ಮಗುವನ್ನು ತಾನು ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಇಷ್ಟು ದಿನ ಮಗುವೇ ತನ್ನನ್ನು ಕಾಯುತ್ತಿತ್ತು!

ಮರಿಯ ಹತ್ತಿರ ಸರಿದು ಕೇಳಿದಳು: "ಆ ಆಟದಲ್ಲಿ ನನಗೂ ಒಂದು ಪಾತ್ರ ಇದೆಯಾ?"

ಚಿಗುಳಿ ಯೋಚಿಸಿದಳು. "ಇದೆ. ನೀನು ಕೊರಡು. ನೀರಲ್ಲಿ ಸುಮ್ಮನೆ ಬಿದ್ದಿರಬೇಕು. ಕೊರಡು ಮಾತಾಡೋದಿಲ್ಲ."

ಹೊರಗೆ ಕೂತು ಕೇಳಿಸಿಕೊಳ್ಳುತ್ತಿದ್ದ ಕೆಂಚಪ್ಪನಿಗೆ ನಗು ತಡೆಯಲಾಗಲಿಲ್ಲ. "ಭರಮಕ್ಕ ಮಾತಾಡದೆ ಇರೋದಾ? ಇದನ್ನ ನೋಡಲೇಬೇಕು!"

ಮತ್ತೆ ಒಡ್ಡು ಎದ್ದಿತು, ಮನೆ ಎದ್ದಿತು, ಒಳಗೆ ಹೊಸದಾಗಿ ಎರಡು ಚಿಪ್ಪು ಬಂದವು. ಝರಿ ಹೊಳೆ ಸೇರುವಲ್ಲಿ, ತೆಳುನೀರಿನಲ್ಲಿ, ಭರಮಕ್ಕ ಕೊರಡಾಗಿ ಮಲಗಿದಳು. ಗೋಲಿ ಒಡ್ಡು ಒಡೆದ. ಚಿಪ್ಪುಗಳು ತೇಲಿದವು. ದೊಡ್ಡ ಚಿಪ್ಪು ಸುಳಿಗೆ ಸಿಕ್ಕಿ ದೂರ ದೂರ ಹೋಯಿತು.

"ಅದು ಅವ್ವ" ಎಂದಳು ಚಿಗುಳಿ. ಆಮೇಲೆ ಅತ್ತಳು.

"ಅಳಬೇಡ ಕಂದ" ಎಂಬ ಮಾತು ಕೊರಡಿನ ನಾಲಿಗೆಯ ತುದಿಗೆ ಬಂದಿತ್ತು. ಕೆಂಚಪ್ಪ ಕೆಮ್ಮಿತು. ಕೊರಡು ಮಾತನ್ನು ನುಂಗಿಕೊಂಡಿತು.

ಅತ್ತು ಮುಗಿದ ಮೇಲೆ ಚಿಗುಳಿ ಮೂಗು ಒರೆಸಿಕೊಂಡು, "ಹಸಿವು" ಎಂದಳು. ಎರಡು ಮೀನು ತಿಂದಳು. "ನಾಳೆ ಮತ್ತೆ ಆಡೋಣ."

ಆಟ ದಿನವೂ ನಡೆಯಿತು. ಅವ್ವನ ಕತೆ ದಿನಕ್ಕಿಷ್ಟು ಹೊರಬಂತು. ಅವ್ವ ಏಡಿಗೆ ಹೆದರುತ್ತಿದ್ದಳಂತೆ, ಗೊರಕೆ ಹೊಡೆಯುತ್ತಿದ್ದಳಂತೆ. ಮರಿಗಳು ಬಿದ್ದು ಬಿದ್ದು ನಕ್ಕವು.

ಒಂದು ದಿನ ಚಿಕ್ಕ ಚಿಪ್ಪು ತೇಲಿ ಬಂದಾಗ ಚಿಗುಳಿ ಅದನ್ನು ಎತ್ತಿ ಕೊರಡಿನ ಬೆನ್ನ ಮೇಲೆ ಇಟ್ಟಳು. "ಇದು ನಾನು. ಕೊರಡೇ, ಹೊರಡು." ಕೊರಡು ಮೆಲ್ಲಗೆ ತೇಲಿತು. ಅಷ್ಟರಲ್ಲಿ ಅಲೆಯೊಂದು ಬಡಿದು ಚಿಪ್ಪು ಜಾರಿ ಹೊಳೆಗೆ ಬಿತ್ತು.

"ಅಯ್ಯೋ, ನಾನು!" ಎಂದು ಕೂಗಿದವಳೇ ಚಿಗುಳಿ ನೀರಿಗೆ ಹಾರಿದಳು!

ಮುಳುಗಿದಳು, ಎದ್ದಳು, ಬಾಲ ಬಡಿದಳು, ಚಿಪ್ಪನ್ನು ಬಾಯಲ್ಲಿ ಹಿಡಿದೇ ತೀರಿದಳು. ಬುಗುರಿ ದಡದಲ್ಲಿ ಕುಣಿದ. "ಅಮ್ಮ, ನೋಡು! ನೀರಲ್ಲಿದ್ದಾಳೆ!" ಕೊರಡು ಮಾತಾಡಲಿಲ್ಲ. ಅದರ ಕಣ್ಣಿಂದ ಮಾತ್ರ ನೀರು ಹರಿಯುತ್ತಿತ್ತು. ಹೊಳೆಯ ನೀರಿರಬೇಕು ಎಂದು ಗೋಲಿ ಅಂದುಕೊಂಡ.

ಅಲ್ಲಿಂದ ಮುಂದೆ ಚಿಗುಳಿ ಬಂಡೆಯ ಮೇಲೆ ಒಣಗಿ ಕೂತದ್ದನ್ನು ಯಾರೂ ನೋಡಲಿಲ್ಲ.

ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಹೊಳೆ ಕೆಂಪಾಗಿ ದಿಬ್ಬದ ಅರ್ಧ ನುಂಗಿತ್ತು. ಬುಗುರಿ, ಗೋಲಿ ಆಗಲೇ ಈಜುತ್ತಿದ್ದರು. ಕೆಂಚಪ್ಪ ಆಚೆ ದಡ ಸೇರಿಯಾಗಿತ್ತು. ಭರಮಕ್ಕ ಮಾತ್ರ ಚಿಗುಳಿಯ ಪಕ್ಕ ನಿಂತಿದ್ದಳು.

"ನಿನ್ನ ಮೀಸೆ ನಡುಗ್ತಾ ಇದೆ ದೊಡ್ಡಮ್ಮ."

"ಹೌದು ಕಣೇ. ಭಯ ಆಗ್ತಿದೆ."

"ನನಗೂ. ನೀನು ಪಕ್ಕದಲ್ಲೇ ಕೊರಡಾಗಿರು. ಇವತ್ತು ಕೊರಡು ಮಾತಾಡಬಹುದು."

ಅಷ್ಟು ಹೇಳಿ ಚಿಗುಳಿ ಏನನ್ನೋ ಬಾಯಿಗೆ ಹಾಕಿಕೊಂಡು ನೀರಿಗಿಳಿದಳು. ಭರಮಕ್ಕ ಪಕ್ಕದಲ್ಲೇ ಈಜಿದಳು. ಇಷ್ಟು ದಿನ ನುಂಗಿಟ್ಟ ಮಾತೆಲ್ಲ ಹೊರಬಂತು. "ಎಡಕ್ಕೆ ಬಾ, ಅಲ್ಲಿ ಸುಳಿ! ಭೇಷ್! ಬಾಲ ಹೊಡಿ! ನಿನ್ನ ಅವ್ವ ನೋಡಿದ್ದರೆ ಕುಣಿದಾಡ್ತಿದ್ದಳು!" ಭರಮಕ್ಕ ಮೊದಲ ಸಲ ಅವ್ವನ ಮಾತು ಎತ್ತಿದ್ದಳು. ಅದನ್ನು ಕೇಳಿ ಚಿಗುಳಿಯ ಬಾಲ ಇನ್ನೂ ಜೋರಾಗಿ ಬಡಿಯಿತು.

ಆಚೆ ದಡದಲ್ಲಿ ಕೆಂಚಪ್ಪ ಕತ್ತು ಉದ್ದ ಮಾಡಿ ಕಾಯುತ್ತಿತ್ತು. "ನೂರಾರು ಕೊರಡು ನೋಡಿದ್ದೀನಿ. ಇಷ್ಟು ಬಾಯಿ ಇರೋದನ್ನ ನೋಡಿರಲಿಲ್ಲ!"

ಚಿಗುಳಿ ಮೈ ಕೊಡವಿ ಬಾಯಿ ತೆರೆದಳು. ಒಳಗಿಂದ ಚಿಕ್ಕ ಚಿಪ್ಪು ಹೊರಬಂತು. ಅದನ್ನು ಒಣಮಣ್ಣಿನ ಮೇಲೆ ಇಟ್ಟಳು.

"ಆ ಆಟ ಮುಗೀತು. ಬುಗುರಿ, ಗೋಲಿ, ಕಡ್ಡಿ ತನ್ನಿ. ಮನೆ ಕಟ್ಟೋಣ."

ನೀತಿ: ನೊಂದ ಮಗುವಿನ ಕತೆಯನ್ನು ನಡುವೆ ತಡೆಯಬೇಡಿ, ಪಕ್ಕದಲ್ಲಿದ್ದು ಕೊನೆಯವರೆಗೂ ಕೇಳಿ.