ಎಲ್ಲವೂ ಹತ್ತಿಯಷ್ಟೇ ತೂಗುವ ತಕ್ಕಡಿ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರಮಾವ ದ್ಯಾಮಣ್ಣನವರು. ರೇಡಿಯೋದಲ್ಲಿ ಪಂದ್ಯ ಕೇಳುತ್ತ, ಯಾವ ದೇಶದ ಬೌಲಿಂಗ್ ಗಟ್ಟಿ ಎಂದು ನಾವೆಲ್ಲ ಕಿತ್ತಾಡುತ್ತಿದ್ದೆವು. "ಸುಮ್ಮನಿರ್ರೋ, ಇದೇ ಜಗಳಕ್ಕೆ ತಲೆ ಒಡ್ಡಿದವರ ಕತೆ ಹೇಳ್ತೀನಿ" ಎಂದು ಹನುಮಂತರಾಯನನ್ನು ನೆನೆದು ಶುರುಮಾಡಿದರು.

ಗೊಂಬೆದುರ್ಗದ ದೊರೆ ಕೆಂಚರಾಯ ಒಮ್ಮೆ ಡಂಗುರ ಸಾರಿಸಿದ. "ಕೇಳ್ರಪ್ಪೋ ಕೇಳ್ರಿ! ಕಣ್ಣಿಗೆ ಕಾಣದ ವೇಗದ ಬಂಡೆನಾಡು, ಗಾಳಿಯಲ್ಲೇ ಚೆಂಡು ವಾಲಿಸುವ ಮಂಜುನಾಡು, ನೆಲ ಮುಟ್ಟಿಸಿ ತಿರುಗಿಸುವ ಸುಳಿನಾಡು, ಈ ಮೂರೂ ದೇಶದ ಬೌಲಿಂಗ್ ಪಡೆಗಳು ನಮ್ಮ ಕೋಟೆಗೆ ಬಂದಿವೆ. ಇವುಗಳ ಬಲ ತೂಗಲು ದೊರೆಗಳು ಮೂರು ಒಗಟು ಒಡ್ಡುತ್ತಾರೆ. ಬಿಡಿಸಿದವನು ಕೇಳಿದ್ದು ಅವನಿಗೆ. ತಪ್ಪಿದವನ ತಲೆ ಅಮಾವಾಸ್ಯೆಗೆ ಕೊಡಲಿಗೆ!"

ಮೊಲದ ಬೇಟೆಯಾಡಿ ಹೊಟ್ಟೆ ಹೊರೆಯುವ ಸಣ್ಣತಿಪ್ಪನಿಗೆ ಬೌಲಿಂಗೂ ಬೇಕಿರಲಿಲ್ಲ, ಬಹುಮಾನವೂ ಬೇಕಿರಲಿಲ್ಲ. ಆದರೆ ಅವನ ಭಾವ ಓಬಳೇಶ ಎರಡು ಒಗಟು ಬಿಡಿಸಿ, ಮೂರನೆಯದರಲ್ಲಿ ತಪ್ಪಿ, ಕೋಟೆಯ ನೆಲಮಾಳಿಗೆಯಲ್ಲಿ ಬಿದ್ದಿದ್ದ. ಅಮಾವಾಸ್ಯೆ ನಾಳೆ. ಅಕ್ಕ ಮಾರಕ್ಕ ಅಳುವುದನ್ನೂ ಬಿಟ್ಟು ಗೋಡೆ ನೋಡುತ್ತ ಕೂತಿದ್ದಳು.

"ನಾನು ಹೋಗಿಬರ್ತೀನಿ ಅಕ್ಕ."

"ಹೋಗ್ತೀಯ. ಬರೋದು ಎಲ್ಲಿ ಬಂತು?"

ಅವಳು ಹೇಳಿದ್ದು ಸುಳ್ಳಲ್ಲ. ಆ ಕೋಟೆಗೆ ಮೂರು ಸುತ್ತು. ಉತ್ತರ ಸರಿಯಾದರೆ ಹೊರಗೆ ಬಿಡುವುದಿಲ್ಲ, ಇನ್ನೊಂದು ಸುತ್ತು ಒಳಕ್ಕೆ ಕಳಿಸುತ್ತಾರೆ. ಹಿಂದಿನ ಬಾಗಿಲಿಗೆ ಅಗುಳಿ ಬೀಳುತ್ತದೆ.

ಮೊದಲ ಸುತ್ತಿನಲ್ಲಿ ಬೆಣ್ಣೆ ವ್ಯಾಪಾರಿಯೊಬ್ಬ ಮುಂದೆ ನಿಂತಿದ್ದ. ದೊರೆ ಮೇಲಿನ ಬುರುಜಿನಿಂದ ಕೇಳಿದ: "ಅವನು ಅವತ್ತು ಒಂದು ವಿಕೆಟ್ಟೂ ಕೀಳಲಿಲ್ಲ. ಆದರೂ ಬಿದ್ದ ವಿಕೆಟ್ಟುಗಳಲ್ಲಿ ಅರ್ಧ ಅವನವೇ. ಯಾರವನು?"

"ಅಂಪೈರು, ಮಹಾಪ್ರಭು!" ಎಂದ ವ್ಯಾಪಾರಿ. ಭಟರು ಅವನ ರಟ್ಟೆ ಹಿಡಿದರು.

ಈಗ ತಿಪ್ಪನ ಸರದಿ. ಅವನಿಗೆ ಗೊತ್ತಿದ್ದದ್ದು ಮೊಲ ಒಂದೇ. "ಬುದ್ಧೀ, ಬೇಟೆಯಲ್ಲಿ ಒಬ್ಬ ಒಂದು ಬದಿಯ ಸಂದಿ ಕಾಯ್ತಾನೆ. ಮೊಲಕ್ಕೆ ಅತ್ತ ದಾರಿಯಿಲ್ಲ. ಕಂಗೆಟ್ಟು ಇತ್ತ ಹಾರಿ ಬಲೆಗೆ ಬೀಳುತ್ತೆ. ಹೆಸರು ಬಲೆಯವನಿಗೆ. ಹಾಗೇ, ಒಂದು ತುದಿಯಿಂದ ರನ್ನೇ ಕೊಡದೆ ಕಟ್ಟಿಹಾಕಿದವನು ಅವನು. ಇನ್ನೊಂದು ತುದಿಯಲ್ಲಿ ಬ್ಯಾಟ್ಸ್‌ಮನ್ ದುಡುಕಿ ಔಟಾಗ್ತಾನೆ."

"ಒಳಗೆ ಬಿಡಿ" ಎಂದ ದೊರೆ. ಹಿಂದೆ ಅಗುಳಿ ಬಿತ್ತು.

ಎರಡನೆಯ ಸುತ್ತಿನ ಗೋಡೆ ಇನ್ನೂ ಎತ್ತರ, ಆಕಾಶ ಇನ್ನೂ ಕಿರಿದು. ಅಲ್ಲಿ ಮಂತ್ರಿಯ ಅಳಿಯ ನಾಗರಸ ಮೀಸೆ ತಿರುವುತ್ತಿದ್ದ. "ಏನಯ್ಯಾ ಮೊಲದವನೇ, ಬಾಲ ಮುದುರಿಕೊಂಡು ಬಂದ್ಯಾ?"

"ಬಂದೆ ಸ್ವಾಮಿ. ಹೋಗೋದು ಹೇಗೆ ಅಂತ ನಿಮಗಾದರೂ ಗೊತ್ತಾ?"

ಅಷ್ಟರಲ್ಲಿ ಒಗಟು ಬಂತು: "ಅಣ್ಣ ಕಣಜದಷ್ಟು ವಿಕೆಟ್ ತಂದ, ತಮ್ಮ ಉಡಿಯಷ್ಟು ತಂದ. ತೂಗಿದರೆ ಉಡಿಯೇ ಭಾರ. ಯಾಕೆ?"

"ತಮ್ಮ ಕಿತ್ತದ್ದು ರಾಜಕುಮಾರರ ವಿಕೆಟ್ಟು, ಅಣ್ಣ ಕಿತ್ತದ್ದು ಕೂಲಿಗಳದ್ದು!" ಎಂದ ನಾಗರಸ. ಮೀಸೆ ತಿರುವಿದ ಕೈಗೇ ಬೇಡಿ ಬಿತ್ತು.

ತಿಪ್ಪ ಮೆಲ್ಲಗೆ ಹೇಳಿದ: "ತನ್ನ ಬೀದೀಲಿ ನಾಯೀನೂ ಹುಲಿ, ಬುದ್ಧೀ. ಅಣ್ಣ ತನಗೆ ಬೇಕಾದ ಹಾಗೆ ಮಾಡಿಕೊಂಡ ಸ್ವಂತ ನೆಲದಲ್ಲಿ ಕಿತ್ತ. ಅದರಲ್ಲಿ ನೆಲದ ಪಾಲೂ ಉಂಟು. ತಮ್ಮ ಕಂಡವರ ನೆಲದಲ್ಲಿ ಕಿತ್ತ. ಅದೆಲ್ಲ ಅವನದೇ."

ಮತ್ತೆ ಅಗುಳಿ.

ಮೂರನೆಯ ಸುತ್ತೆಂದರೆ ನಡುವಿನ ಆಟದ ಬಯಲು. ಸುತ್ತ ಗೋಡೆ, ಮೂಲೆಯಲ್ಲಿ ನೆಲಮಾಳಿಗೆಯ ಸರಳು. ಸರಳಿನ ಹಿಂದೆ ಓಬಳೇಶನ ಮುಖ. ಒಂದು ಕಡೆ ಮೂರು ದೇಶದ ಬೌಲರುಗಳ ಪಂಕ್ತಿ. ದೊರೆಯೇ ಪಂಚೆ ಎತ್ತಿ ಕಟ್ಟಿ, ತನ್ನ ಕೈಯಾರೆ ಹೋಳಿಗೆ ಬಡಿಸುತ್ತಿದ್ದ. ಅತಿಥಿ ದೇವರೆಂದು ನಂಬಿದವನು. ಪಡೆ ಯಾವುದೇ ಬರಲಿ, ಮೊದಲು ಊಟ, ಆಮೇಲೆ ಆಟ, ಇದು ಆ ಮನೆತನದ ನೇಮ.

ಕೈ ತೊಳೆದು ಬಂದು ದೊರೆ ಕೇಳಿದ: "ಕಲ್ಲಿಟ್ಟರೂ ಕಬ್ಬಿಣವಿಟ್ಟರೂ ಹತ್ತಿಯಷ್ಟೇ ತೂಗುವ ತಕ್ಕಡಿ ಯಾವುದು? ಇದಕ್ಕೆ ಉತ್ತರ ನನಗೂ ತಿಳಿಯದು, ಹೊಗಳಿಕೆ ಉತ್ತರವಲ್ಲ ಎಂಬುದಷ್ಟೇ ಗೊತ್ತು. ಇವರು ಕಡಲಾಚೆ ಗೆದ್ದು ಬಂದವರು. ನನಗೆ ಚೆಂಡು ಹಾಕಿದರೆ ಮೂವರೂ ಒಂದೇ ಹಗುರ. ನಾನು ಔಟಾದದ್ದೇ ಇಲ್ಲ."

"ಪ್ರಭುಗಳ ತೋಳ್ಬಲ ಅಂತ ಮಾತ್ರ ಅನ್ನಬೇಡ್ವೋ" ಎಂದು ಸರಳಿನ ಹಿಂದಿನಿಂದ ಓಬಳೇಶ ಕೂಗಿದ. "ಅದನ್ನೇ ಅಂದು ನಾನಿಲ್ಲಿದ್ದೀನಿ!"

ತಿಪ್ಪ ಬೌಲರುಗಳು ಉಂಡ ಎಲೆಗಳತ್ತ ನೋಡಿದ. ಉತ್ತರ ಕಣ್ಣೆದುರೇ ಇತ್ತು. ಹೊಗಳಿದರೆ ತಪ್ಪುತ್ತರ, ಕೊಡಲಿ. ನಿಜ ಹೇಳಿದರೆ ರಾಜನಿಂದೆ, ಅದಕ್ಕೂ ಕೊಡಲಿ. ಎರಡೂ ಸಂದಿ ಮುಚ್ಚಿದ ಮೊಲದ ಎದೆ ಹೇಗೆ ಬಡಿದುಕೊಳ್ಳುತ್ತದೆಂದು ಅವನಿಗೆ ಅಂದು ತಿಳಿಯಿತು. ಸಾಯುವುದೇ ಆದರೆ ದೇವರ ಮುಂದೆ ಸುಳ್ಳಾಗಿ ಯಾಕೆ ಸಾಯಲಿ ಎಂದುಕೊಂಡ.

"ಆ ತಕ್ಕಡಿ ನೀವೇ, ಬುದ್ಧೀ."

ತಿಪ್ಪ ಪಂಕ್ತಿಯತ್ತ ಕೈ ತೋರಿದ.

"ಉಂಡ ಮನೆಗೆ ಎರಡು ಬಗೆಯೋದು ಹೇಗೆ? ಹೋಳಿಗೆ ಬಡಿಸಿದ ಕೈಗೆ ಇವರು ಗುರಿಯಿಟ್ಟು ಚೆಂಡು ಹಾಕ್ತಾರಾ? ನೀವು ಹೊಡೆದ ರನ್ನೆಲ್ಲ ಅನ್ನದ ಋಣ. ನಿಮ್ಮ ಒಳ್ಳೆಯತನವೇ ತಕ್ಕಡಿಯ ಮುಳ್ಳು ಹಿಡಿದಿದೆ."

ಕೆಂಚರಾಯನ ಮುಖ ಕೆಂಪಾಯಿತು, ಆಮೇಲೆ ಕಪ್ಪಾಯಿತು. ಬೌಲರುಗಳ ಕಡೆ ತಿರುಗಿದ. ಒಬ್ಬನೂ ತಲೆ ಎತ್ತಲಿಲ್ಲ. ದೊರೆ, "ನಾಳೆ ಬೆಳಿಗ್ಗೆ ಆಟ. ಬರಿಹೊಟ್ಟೆಯಲ್ಲಿ. ನನ್ನಾಣೆ, ಯಾರೂ ಕೈ ಹಿಡಿಯಬಾರದು" ಎಂದ.

ಬೆಳಿಗ್ಗೆ ಬಂಡೆನಾಡಿನವನ ಚೆಂಡಿಗೆ ದೊರೆಯ ನಡುಗೂಟ ಹಾರಿತು. ಮಂಜುನಾಡಿನವನ ಚೆಂಡು ಬ್ಯಾಟಿನ ಅಂಚು ಸವರಿ ಕ್ಯಾಚಾಯಿತು. ಸುಳಿನಾಡಿನ ಮುದುಕನ ಚೆಂಡಿಗೆ ದೊರೆ ಮುನ್ನುಗ್ಗಿ, ಗಾಳಿಗೆ ಬ್ಯಾಟು ಬೀಸಿ, ಮಂಡಿಯೂರಿ ಬಿದ್ದ; ಹಿಂದೆ ಗೂಟ ಉರುಳಿತ್ತು. ಮಂತ್ರಿಗಳು ನೆಲ ನೋಡಿದರು.

ದೊರೆ ಮಣ್ಣು ಕೊಡವಿಕೊಂಡು ಎದ್ದ. "ಮೊದಲನೆಯವನು ಹೆದರಿಸಿದ. ಎರಡನೆಯವನು ಆಸೆ ತೋರಿಸಿದ. ಈ ಮುದುಕ ನನ್ನ ಕೈಯಿಂದಲೇ ನನ್ನನ್ನು ಬೀಳಿಸಿದ. ಸುಳಿನಾಡೇ ಬಲ!" ಎಂದು, ಹುಟ್ಟಿ ಮೊದಲ ಸಲ ಔಟಾದವನು ಗಹಗಹಿಸಿ ನಕ್ಕ. "ಕೇಳಪ್ಪಾ, ನಿನಗೇನು ಬೇಕು?"

"ಬಾಗಿಲು ತೆಗೆಸಿ ಬುದ್ಧೀ. ಎಲ್ಲರಿಗೂ."

ನೆಲಮಾಳಿಗೆ ತೆರೆಯಿತು. ಮೂರು ಸುತ್ತಿನ ಅಗುಳಿಗಳೂ ಒಂದರ ಹಿಂದೊಂದು ಸರಿದವು. ವ್ಯಾಪಾರಿ ಓಡಿದ, ನಾಗರಸ ಮೀಸೆ ಮುಚ್ಚಿಕೊಂಡು ನಡೆದ. ದೊರೆ ತಿಪ್ಪನ ಮನೆಗೆ ಹೊಲ ಬರೆಸಿಕೊಟ್ಟ. ದೊಡ್ಡ ಬಾಗಿಲಾಚೆ ಮಾರಕ್ಕ ನಿಂತಿದ್ದಳು. ಮೊದಲು ಗಂಡನನ್ನು ಮುಟ್ಟಿ ನೋಡಿದಳು, ಆಮೇಲೆ ತಮ್ಮನ ಬೆನ್ನಿಗೊಂದು ಗುದ್ದಿದಳು.

ದೇವರು ದೊಡ್ಡವನು. ಕೇಳಿದ ಕತೆಯನ್ನು ಎದೆಯಲ್ಲೇ ಕೂಡಿಹಾಕಬಾರದು. ನೀವೂ ಒಬ್ಬರಿಗಾದರೂ ಹೇಳಿ, ಅವರು ಇನ್ನೊಬ್ಬರಿಗೆ ಹೇಳಲಿ.