ಏರಿನಲ್ಲಿ ಗಾಡಿ ಬಂದ್ ಮಾಡಿದವನು

“ಅಜ್ಜಾರ, ಕೆಲಸ ಬಿಟ್ಟು ಕುಂತು ಹದಿನೇಳು ದಿನ ಆತ್ರೀ. ಮೈ ಸುಮ್ನ ಐತಿ, ತಲಿ ಮಾತ್ರ ಕುದಿಯಾಕ ಹತ್ತೈತಿ. ದುಡಿಯೋವಾಗ ಹಿಂಗ ಇರಲಿಲ್ಲ. ಯಾಕ್ರೀ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಮಡಿವಾಳಯ್ಯ. ಮಠದ ದಾಸೋಹದ ಅಡುಗೆಮನೆಯನ್ನು ಹದಿನಾಲ್ಕು ವರ್ಷ ನಡೆಸಿದವನು. ಅವನ ಕಾಲದಲ್ಲಿ ಒಲೆ ಒಂದು ದಿನವೂ ತಡವಾಗಿ ಹೊತ್ತಿದ್ದಿಲ್ಲ. ಹೋದ ತಿಂಗಳು ಅನ್ನದ ಹಂಡೆಯ ಮುಂದೆ ತಲೆ ತಿರುಗಿ ಬಿದ್ದ. ಮೂರು ತಿಂಗಳು ಒಲೆಯ ಹತ್ತಿರ ಸುಳಿಯಬಾರದು ಎಂದು ವೈದ್ಯರು ಹೇಳಿದರು. ಗುರುಗಳು ಅವನನ್ನು ತಮ್ಮ ಕೋಣೆಯ ಹೊರಗಿನ ಕಟ್ಟೆಯ ಮೇಲೆ ಕೂರಿಸಿದರು. ಅವನೇನೋ ಕೂತಿದ್ದ. ಆದರೆ ಅಡುಗೆಮನೆಯಲ್ಲಿ ಸೌಟು ಬಿದ್ದರೆ ಅವನ ಕಿವಿ ನಿಮಿರುತ್ತಿತ್ತು.

“ನಿನ್ನೆ ಸಾರಿಗೆ ಉಪ್ಪು ಕಡಿಮಿ ಅಂತ ಇಲ್ಲೇ ಕುಂತು ಹೇಳಿದಿ. ನಾಲಿಗಿಗೆ ಒಂದು ಹನಿ ಹಚ್ಚಿರಲಿಲ್ಲ,” ಎಂದು ಗುರುಗಳು ನಕ್ಕರು. ಗುರುಗಳು ಕತೆ ಶುರು ಮಾಡಿದರು.

ಗುಡ್ಡದ ಸೀಮೆಯಲ್ಲಿ ಒಬ್ಬ ಸವಾರನಿದ್ದ. ಹೆಸರು ಯಮನೂರಪ್ಪ. ಆಸ್ಪತ್ರೆಯಿಂದ ಮಕ್ಕಳ ಲಸಿಕೆಯ ಡಬ್ಬಿಯನ್ನು ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಗುಡ್ಡದ ಮೇಲಿನ ತಾಂಡಾಗಳಿಗೆ ಮುಟ್ಟಿಸುವುದು ಅವನ ಕೆಲಸ. ಮೇಲೆ ನರ್ಸಮ್ಮ ಕಾಯುತ್ತಿದ್ದಳು. ಇವನು ಮುಟ್ಟಿದರೆ ಮಕ್ಕಳಿಗೆ ಲಸಿಕೆ, ಇಲ್ಲದಿದ್ದರೆ ಇಲ್ಲ. ಹನ್ನೊಂದು ವರ್ಷದಲ್ಲಿ ಅವನು ಮುಟ್ಟದ ದಿನವೇ ಇರಲಿಲ್ಲ.

ಅವನದು ಹಳೆಯ ಗಾಡಿ. ಅಂಥ ಗಾಡಿಯ ಇಂಜಿನ್ನನ್ನು ತಣಿಸಲು ಒಳಗೆ ನೀರಿರುವುದಿಲ್ಲ. ಇಂಜಿನ್ನಿನ ಸುತ್ತ ಪದರ ಪದರವಾಗಿ ಲೋಹದ ಪಟ್ಟಿಗಳಿರುತ್ತವೆ. ಗಾಡಿ ಓಡುವಾಗ ಗಾಳಿ ಅವುಗಳ ನಡುವೆ ಹಾದುಹೋಗಿ ಬಿಸಿಯನ್ನು ಹೊತ್ತೊಯ್ಯುತ್ತದೆ. ಓಡಿದರೆ ಗಾಳಿಯುಂಟು. ನಿಂತಲ್ಲೇ ಇಂಜಿನ್ ಚಾಲೂ ಇದ್ದರೆ ಕಾದು ಕೆಂಡವಾಗುವುದೊಂದೇ ಅದರ ಪಾಡು.

ಯಮನೂರಪ್ಪನಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಪ್ರತಿ ಭಾನುವಾರ ಬಿದಿರುಕಡ್ಡಿ ಹಿಡಿದು ಕೂತು ಆ ಪಟ್ಟಿಗಳ ನಡುವಿನ ಮಣ್ಣನ್ನು ಕೆರೆದು ತೆಗೆಯುತ್ತಿದ್ದ. ಎಣ್ಣೆ ಕಪ್ಪಾಗುವ ಮೊದಲೇ ಬದಲಾಯಿಸುತ್ತಿದ್ದ. ಏರಿನಲ್ಲಿ ಗಾಡಿ ಏದುಸಿರು ಬಿಡುವವರೆಗೆ ಕಾಯದೆ ಗೇರು ಇಳಿಸುತ್ತಿದ್ದ. ಎತ್ತನ್ನು ಸಾಕುವವರು ಕೂಡ ಅಷ್ಟು ಕಾಳಜಿ ಮಾಡುವುದು ಕಡಿಮೆ. ಅವನನ್ನು ನೆನೆದರೆ ನನಗೆ ಈಗಲೂ ಹೆಮ್ಮೆ.

ಆದರೆ ಅವನಲ್ಲೊಂದು ಹಟವಿತ್ತು. ದಾರಿಯಲ್ಲಿ ಎಲ್ಲಿ ನಿಂತರೂ ಇಂಜಿನ್ ಬಂದ್ ಮಾಡುತ್ತಿರಲಿಲ್ಲ. ಬಿಸಿಯಾದ ಗಾಡಿ ಹಿಂದೊಮ್ಮೆ ಎಷ್ಟು ಕಿಕ್ ಹೊಡೆದರೂ ಚಾಲೂ ಆಗದೆ ಅವನನ್ನು ಸತಾಯಿಸಿತ್ತು. ಮತ್ತೆ ಹಾಗಾದೀತೆಂಬ ಹೆದರಿಕೆ ಅಂದಿನಿಂದ ಅವನನ್ನು ಬಿಟ್ಟಿರಲಿಲ್ಲ. ಹೆದರಿಕೆ ಎಂದು ಅವನು ಹೇಳುತ್ತಿರಲಿಲ್ಲ. ‘ನನ್ನ ಗಾಡಿ ನಡುದಾರಿಯಲ್ಲಿ ಬಂದ್ ಆಗುವುದಿಲ್ಲ’ ಎಂದು ಹೇಳಿಕೊಳ್ಳುತ್ತಿದ್ದ. ಕೇಳಿದವರೂ ಭೇಷ್ ಎನ್ನುತ್ತಿದ್ದರು.

ಆ ವರ್ಷ ಊರವರು ಅವನಿಗೆ ಸನ್ಮಾನ ಮಾಡಿದರು. ಶಾಲು ಹೊದಿಸಿದರು, ಹಾರ ಹಾಕಿದರು. ಅಷ್ಟಕ್ಕೆ ಸಮಾಧಾನವಾಗದೆ ‘ಲಸಿಕೆ ಯಮನೂರಪ್ಪ’ ಎಂದು ಕೆಂಪು ಬಣ್ಣದಲ್ಲಿ ಬರೆಸಿದ ದೊಡ್ಡ ತಗಡಿನ ಬೋರ್ಡನ್ನು ಗಾಡಿಯ ಮುಂದಿನ ಗಾರ್ಡಿಗೆ ತಾವೇ ನಿಂತು ಕಟ್ಟಿದರು. ಬೋರ್ಡು ಸರಿಯಾಗಿ ಇಂಜಿನ್ನಿನ ಎದುರಿಗೆ ಬಂತು. ಗಾಳಿ ಬರುವ ದಾರಿಗೆ ಅಡ್ಡವಾಗಿ ಸನ್ಮಾನ ನಿಂತಿತು. ಪ್ರೀತಿಯಿಂದ ಕಟ್ಟಿದ್ದನ್ನು ಬಿಚ್ಚುವುದು ಹೇಗೆಂದು ಅವನೂ ಸುಮ್ಮನಾದ.

ಮುಂದಿನ ವಾರವೇ ಒಂದು ಗಡಿಬಿಡಿಯ ದಿನ ಬಂತು. ತಾಂಡಾದ ಜನ ಕಬ್ಬು ಕಡಿಯಲು ದೂರದ ಸೀಮೆಗೆ ಹೊರಟಿದ್ದರು. ಅವರನ್ನು ಒಯ್ಯುವ ಲಾರಿಗಳು ಮಧ್ಯಾಹ್ನ ಒಂದಕ್ಕೆ ಬಿಡುವುದಿತ್ತು. ಹೋದರೆ ಆರು ತಿಂಗಳು ಅವರು ಮರಳುವವರಲ್ಲ. ಇಪ್ಪತ್ಮೂರು ಮಕ್ಕಳಿಗೆ ಲಸಿಕೆ ಹಾಕುವುದು ಬಾಕಿಯಿತ್ತು. ಡಬ್ಬಿಯಲ್ಲಿದ್ದ ಐಸು ಸಂಜೆಯವರೆಗೆ ತಡೆಯುತ್ತಿತ್ತು. ಲಾರಿಗಳು ತಡೆಯುವಂತಿರಲಿಲ್ಲ.

ಯಮನೂರಪ್ಪ ಬೇಗನೇ ಹೊರಟ. ಗುಡ್ಡದ ಬುಡದಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲು ಸಿಕ್ಕಿತು. ರಸ್ತೆ ಇಕ್ಕಟ್ಟು. ಕಬ್ಬು ಎರಡೂ ಕಡೆ ಹೊರಚಾಚಿತ್ತು. ದಾಟಿ ಹೋಗಲು ದಾರಿಯಿಲ್ಲ. ಅವನು ಮೊದಲ ಗೇರಿನಲ್ಲಿ ಅವುಗಳ ಹಿಂದೆ ತೆವಳಿದ. ಅವು ನಿಂತಾಗ ತಾನೂ ನಿಂತ. ಇಂಜಿನ್ ಮಾತ್ರ ಚಾಲೂ ಇದ್ದೇ ಇತ್ತು.

ಅರ್ಧ ಏರಿಗೆ ಬರುವಷ್ಟರಲ್ಲಿ ಸುಟ್ಟ ಎಣ್ಣೆಯ ವಾಸನೆ ಬಂತು. ಎಕ್ಸಲರೇಟರ್ ತಿರುವಿದರೂ ಗಾಡಿ ಎಳೆಯಲಿಲ್ಲ. ಇಂಜಿನ್ನಿನೊಳಗೆ ಯಾರೋ ಕಲ್ಲು ಕುಟ್ಟಿದಂತೆ ಸದ್ದು ಕೇಳಿಸಿತು. ಅಲ್ಲೊಂದು ಪಂಕ್ಚರ್ ಅಂಗಡಿ. ಅದನ್ನು ನಡೆಸುತ್ತಿದ್ದವಳು ಒಬ್ಬ ನಡುವಯಸ್ಸಿನ ಹೆಂಗಸು. ಗಂಡ ಹೋದ ಮೇಲೆ ಸ್ಪಾನರ್ ಕೈಗೆತ್ತಿಕೊಂಡವಳು. ಅವಳು ಸದ್ದು ಕೇಳಿಯೇ ಎದ್ದು ಬಂದಳು.

“ಬಂದ್ ಮಾಡು ತಮ್ಮಾ,” ಎಂದಳು.

“ಬಂದ್ ಮಾಡಿದ್ರ ಮತ್ತ ಚಾಲೂ ಆಗೂದಿಲ್ಲ ಅಕ್ಕಾ. ಮ್ಯಾಲೆ ಮಕ್ಕಳು ಕಾಯಾಕ ಹತ್ಯಾವು.”

“ನೀ ಮಾಡದಿದ್ರ ಅದಾ ಬಂದ್ ಆಕ್ಕೈತಿ. ಆಮ್ಯಾಲೆ ಚಾಲೂ ಮಾಡೂದು ನಿನ್ನ ಕೈಯಾಗೂ ಇಲ್ಲ, ನನ್ನ ಕೈಯಾಗೂ ಇಲ್ಲ.”

ಯಮನೂರಪ್ಪ ಗುಡ್ಡದ ಕಡೆ ನೋಡಿದ. ಡಬ್ಬಿಯ ಕಡೆ ನೋಡಿದ. ಚಾವಿಗೆ ಕೈ ಹಾಕಿದ. ಕೊನೆಗೆ ತಿರುಗಿಸಿದ.

ಅವಳು ಗಾಡಿಯ ಮುಖವನ್ನು ಗಾಳಿ ಬೀಸುವ ಕಡೆಗೆ ತಿರುಗಿಸಿ ನಿಲ್ಲಿಸಿದಳು. ದಾರಿಹೋಕನೊಬ್ಬ ಉಪಕಾರ ಮಾಡಲು ಹೋಗಿ ಇಂಜಿನ್ನಿಗೆ ಸುರಿಯಲೆಂದು ಕೊಡ ನೀರು ತಂದ. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಬಿರಿಯುತ್ತದೆ ಎಂದು ಅವನನ್ನು ತಡೆದು, ಆ ನೀರನ್ನು ಯಮನೂರಪ್ಪನಿಗೆ ಕುಡಿಯಲು ಕೊಟ್ಟಳು. ಬೋರ್ಡಿನ ಕಡೆ ಬೆರಳು ತೋರಿಸಿದಳು. ಅವನೇ ಸ್ಪಾನರ್ ತೆಗೆದುಕೊಂಡು ಬೋರ್ಡನ್ನು ಬಿಚ್ಚಿದ. ಬಿಚ್ಚಿದ್ದನ್ನು ಲಸಿಕೆಯ ಡಬ್ಬಿಗೆ ಬಿಸಿಲು ತಾಗದಂತೆ ಮರೆಯಾಗಿ ನಿಲ್ಲಿಸಿದ. ಆ ಗಾಬರಿಯಲ್ಲೂ ಅದು ಅವನಿಗೆ ಹೊಳೆಯಿತಲ್ಲ, ಅದಕ್ಕೇ ಅವನೆಂದರೆ ನನಗೆ ಇಷ್ಟ.

ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಅವನು ಕಲ್ಲಿನ ಮೇಲೆ ಕೂತ. ಐದು ನಿಮಿಷಕ್ಕೆ ಎದ್ದ. ಅವಳು ಕೂರಿಸಿದಳು. ಕೂತಲ್ಲೇ ಅವನ ಬಲಗಾಲು ಕಿಕ್ ಹೊಡೆಯುವಂತೆ ನೆಲವನ್ನು ಒತ್ತುತ್ತಿತ್ತು. ಹೊತ್ತು ಹನ್ನೊಂದೂವರೆಯಾಯಿತು. ಬಿಸಿ ಇಳಿಯುತ್ತ ಇಂಜಿನ್ ಟಿಕ್ ಟಿಕ್ ಎನ್ನುತ್ತಿತ್ತು. ಅವನು ಆ ಸದ್ದನ್ನೇ ಕೇಳುತ್ತ ಕೂತ. ಸದ್ದು ಕಡಿಮೆಯಾಯಿತು, ಆಮೇಲೆ ನಿಂತಿತು. ಯಾವಾಗಲೋ ಅವನ ಕಾಲೂ ಸುಮ್ಮನಾಗಿತ್ತು.

ಹನ್ನೊಂದು ವರ್ಷ ಓಡಿದ್ದಕ್ಕೆ ಊರವರು ಅವನಿಗೆ ಸನ್ಮಾನ ಮಾಡಿದರು. ನನ್ನನ್ನು ಕೇಳಿದ್ದರೆ ಆ ಅರ್ಧ ಗಂಟೆ ಕೂತಿದ್ದಕ್ಕೆ ಮಾಡಿ ಎನ್ನುತ್ತಿದ್ದೆ. ಇಪ್ಪತ್ಮೂರು ಮಕ್ಕಳನ್ನು ಎದೆಯಲ್ಲಿ ಇಟ್ಟುಕೊಂಡು ಕಲ್ಲಿನ ಮೇಲೆ ಕೂರುವುದು ಎಲ್ಲರಿಂದ ಆಗುವ ಕೆಲಸವಲ್ಲ.

ಅವಳು ಇಂಜಿನ್ನಿನ ಹತ್ತಿರ ಅಂಗೈ ಹಿಡಿದು ನೋಡಿ ತಲೆಯಾಡಿಸಿದಳು. ಎಣ್ಣೆ ನೋಡಿ, ಕಡಿಮೆಯಾದಷ್ಟನ್ನು ಹಾಕಿದಳು. ಅವನು ಕಿಕ್ ಹೊಡೆದ. ಆಗಲಿಲ್ಲ. ಇನ್ನೊಮ್ಮೆ ಹೊಡೆದ. ಆಗಲಿಲ್ಲ. ಮೂರನೆಯದಕ್ಕೆ ಗಾಡಿ ಕೆಮ್ಮಿ ಚಾಲೂ ಆಯಿತು. ಅಷ್ಟರಲ್ಲಿ ಟ್ರ್ಯಾಕ್ಟರುಗಳು ಗುಡ್ಡ ದಾಟಿದ್ದವು. ಗಾಳಿ ನೇರವಾಗಿ ಇಂಜಿನ್ನಿಗೆ ಬಡಿಯುತ್ತಿತ್ತು. ಅವನು ಮುಟ್ಟಿದಾಗ ಲಾರಿಗೆ ಕೊಡ, ಕೋಳಿ, ಹಾಸಿಗೆ ಎಲ್ಲ ಏರುತ್ತಿದ್ದವು. ನರ್ಸಮ್ಮ ಡ್ರೈವರನ ಸೀಟಿನಲ್ಲಿ ತಾನೇ ಹತ್ತಿ ಕೂತು, ಲಸಿಕೆ ಬರುವವರೆಗೆ ಇಳಿಯುವುದಿಲ್ಲ ಎಂದು ಜಗಳಕ್ಕೆ ನಿಂತಿದ್ದಳು. ಇಪ್ಪತ್ಮೂರು ಮಕ್ಕಳೂ ಸೂಜಿ ಚುಚ್ಚಿಸಿಕೊಂಡು ಅಳುತ್ತಲೇ ಲಾರಿ ಹತ್ತಿದವು. ಬೋರ್ಡು ಪಂಕ್ಚರ್ ಅಂಗಡಿಯಲ್ಲೇ ಉಳಿಯಿತು. ಅವಳು ಅದನ್ನು ಬೋರಲು ಹಾಕಿ ಮೇಲೆ ನಟ್ಟು ಬೋಲ್ಟು ಹರಡಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯ ತನ್ನ ಅಂಗೈಗಳನ್ನು ನೋಡಿಕೊಂಡ. ಒಲೆಯ ಕಾವಿಗೆ ಅವು ಕಪ್ಪಾಗಿದ್ದವು.

“ಅಜ್ಜಾರ,” ಎಂದ. “ಮೂರು ತಿಂಗಳು ನಾ ಹಿಂಗ ಬಂದ್ ಆಗಿ ಕುಂತರ, ಮತ್ತ ಆ ಒಲಿ ಮುಂದ ನಿಂದ್ರಾಕ ನನಗ ಆಕ್ಕೈತೇನ್ರಿ? ಆಗದಿದ್ರ ಈ ಮಠದಾಗ ನಾ ಯಾರ್ರೀ?”

ಗುರುಗಳು ಅವನ ಹೆಗಲ ಮೇಲೆ ಕೈ ಇಟ್ಟರು.

“ಇನ್ನೂ ಚಾವಿ ತಿರುವಿ ಬಂದ್ ಮಾಡೇ ಇಲ್ಲ ನೀ, ಮತ್ತ ಚಾಲೂ ಆಕ್ಕೈತೋ ಇಲ್ಲೋ ಅಂತ ಕೇಳಾಕ ಹತ್ತೀಯಲ್ಲೋ.”